ಮೂಕಿ ಚಿತ್ರಕ್ಕೆ 78 ಮೆಸೇಜು

ಭಾನುವಾರ ತಿಂಡಿ ಮುಗಿಯುವ ಹೊತ್ತಿಗೆ ಅಣ್ಣ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ. ಹಳೆಯ ಮೂಕಿ ಚಿತ್ರದ ಫೋಟೋ. ಕೆಳಗೆ, 'ಆಗಿನ ಹಾಲಿವುಡ್ಡಿನಲ್ಲಿ ಏಷ್ಯಾದವರಿಗೆ ಪಾತ್ರವೇ ಇರಲಿಲ್ಲ. ಬಿಳಿಯರೇ ಬಣ್ಣ ಬಳಿದುಕೊಂಡು ಖಳರಾಗುತ್ತಿದ್ದರು. ಎಲ್ಲರಿಗೂ ಕಳಿಸಿ.'

ನಾನು: ಅಣ್ಣಾ, ಬಣ್ಣ ಬಳಿದುಕೊಂಡವರು ಇದ್ದರು ನಿಜ. 1920ರ 'ಔಟ್‌ಸೈಡ್ ದಿ ಲಾ'ದಲ್ಲಿ ಬಿಳಿಯ ನಟ ಲಾನ್ ಚೇನಿ ಚೀನೀಯನಾಗಿದ್ದ. ಆದರೆ ಈ ಫೋಟೋದಲ್ಲಿರುವುದು ಸೆಸ್ಯೂ ಹಯಕಾವಾ, ಜಪಾನಿನವನೇ. ಚಿತ್ರ 'ದಿ ಚೀಟ್', 1915. ಇದು ಎಲ್ಲಿಂದ ಬಂತು?

ಅಣ್ಣ: ಲಾಯರಮ್ಮ ಬಂದಳು. ಸುಮ್ನೆ ಓದಿ ಮುಂದೆ ಕಳಿಸೇ.

ದೊಡ್ಡಪ್ಪ: ಕತೆ ಏನಮ್ಮಾ?

ನಾನು: ದೊಡ್ಡ ಮನೆಯ ಹೆಂಗಸು ರೆಡ್ ಕ್ರಾಸಿನ ವಂತಿಗೆ 10,000 ಡಾಲರ್ ಶೇರಿಗೆ ಹಾಕಿ ಕಳೆಯುತ್ತಾಳೆ. ಜಪಾನಿನ ದಂತದ ವ್ಯಾಪಾರಿ ಹತ್ತಿರ ಸಾಲ ಮಾಡುತ್ತಾಳೆ, ಅದೇ ಹಯಕಾವಾನ ಪಾತ್ರ. ತೀರಿಸಲು ಹೋದರೆ ಅವನು ದುಡ್ಡು ಬೇಡ ಅಂತ ಹೆಗಲಿಗೆ ಬರೆ ಹಾಕುತ್ತಾನೆ. ಇವಳು ಗುಂಡು ಹೊಡೆಯುತ್ತಾಳೆ. ಗಂಡ ತಪ್ಪು ತನ್ನದು ಅಂತ ಒಪ್ಪಿಕೊಳ್ಳುತ್ತಾನೆ.

ದೊಡ್ಡಪ್ಪ: ನೋಡಿದಿರಾ? ವಂತಿಗೆ ದುಡ್ಡನ್ನು ಲೆಕ್ಕ ಬಾರದವರು ಮುಟ್ಟಬಾರದು.

ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ ಅಂತ ಕಂಡಿತು. ನಿಂತಿತು. ಮತ್ತೆ ಕಂಡಿತು.

ಚಿಕ್ಕಮ್ಮ: ಭಾವನವರೇ, ಯಾರಿಗೆ ಹೇಳಿದ್ದು ಇದು? 2019ರ ಮನೆದೇವರ ಪೂಜೆ ಲೆಕ್ಕ ಅಲ್ವಾ?

ದೊಡ್ಡಪ್ಪ: ನಾನು ಸಿನಿಮಾ ವಿಷಯ ಹೇಳಿದೆ.

ನಾನು: ಅಸಲಿ ವಿಷಯ ಕೇಳಿ. ಅಮೆರಿಕದ ಜಪಾನೀಯರು ಆ ಚಿತ್ರವನ್ನು ವಿರೋಧಿಸಿದರು. ಅದಕ್ಕೆ 1918ರ ಮರುಬಿಡುಗಡೆಯಲ್ಲಿ ಖಳನ ಹೆಸರು ಬದಲಾಯಿಸಿ ಬರ್ಮಾದವನನ್ನಾಗಿ ಮಾಡಿದರು. ಅದೇ ಚಿತ್ರ, ಅದೇ ಮುಖ. ಮೂಕಿ ತಾನೇ, ನಡುವಿನ ಬರಹ ಬದಲಿಸಿದರೆ ಸಾಕು. ಆಗಿನ ಮೊದಲನೇ ಮಹಾಯುದ್ಧದಲ್ಲಿ ಜಪಾನು ಅಮೆರಿಕದ ಕಡೆಗಿತ್ತು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ. ಅದರ ಪರ ಕೇಳುವವರು ಅಲ್ಲಿ ಯಾರಿದ್ದರು?

ಹತ್ತು ನಿಮಿಷ ಕೂತು ಟೈಪ್ ಮಾಡಿದ್ದು. ಒಂದು ಹೆಬ್ಬೆಟ್ಟು ಬಂತು.

ಚಿಕ್ಕಮ್ಮ: ಸರಿಯಾಗಿ ಹೇಳಿದೆ ಪುಟ್ಟಿ. ಕೇಳುವವರಿಲ್ಲ ಅಂದರೆ ಯಾರ ತಲೆಗೆ ಬೇಕಾದರೂ ಕಟ್ಟಬಹುದು.

ನಾನು ಹೇಳಿದ್ದು ಬರ್ಮಾ ವಿಷಯ.

ಮಾವ: ಹಯಕಾವಾ ಅಂದರೆ ಕ್ವಾಯ್ ನದಿ ಸೇತುವೆ ಚಿತ್ರದ ಕ್ಯಾಂಪ್ ಅಧಿಕಾರಿ ಅಲ್ವಾ? ಬೆಂಗಳೂರಿನ ದಂಡಿನ ಕಡೆ ನೋಡಿದ್ದೆವು. ನಿಮ್ಮ ದೊಡ್ಡಪ್ಪನೂ ಇದ್ದರು. ಅವರ ಟಿಕೆಟ್ ದುಡ್ಡು ಇನ್ನೂ ಬಂದಿಲ್ಲ.

ನಾನು: ಅವನೇ ಮಾವ. ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಇಂಥ ಖಳಪಾತ್ರಗಳು ಸಾಕಾಗಿ 1918ರಲ್ಲಿ ಹಯಕಾವಾ ತನ್ನದೇ ಕಂಪನಿ ಶುರು ಮಾಡಿದ.

ಮಾವ ಆ ಚಿತ್ರದ ಸಿಳ್ಳೆಯನ್ನು ತಾವೇ ಹಾಕಿ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿದರು. ದೊಡ್ಡಪ್ಪ ಟಿಕೆಟ್ಟಿನ ಬಗ್ಗೆ ಮಾತೇ ಎತ್ತಲಿಲ್ಲ.

ಆಮೇಲೆ ಚಿಕ್ಕಪ್ಪ ಬಂದರು. ದಿನಾ ಸೂರ್ಯೋದಯದ ಫೋಟೋ ಬಿಟ್ಟರೆ ಬೇರೇನೂ ಹಾಕದ ಮನುಷ್ಯ.

ಚಿಕ್ಕಪ್ಪ: ಲೆಕ್ಕ ಬರೆದದ್ದು ಅವಳಲ್ಲ, ನಾನು. ತಪ್ಪಿದ್ದರೆ ನನ್ನದು. ಉಳಿದ 640 ರೂಪಾಯಿ ಡಬ್ಬಿಯಲ್ಲಿದೆ.

ಅಣ್ಣ: ಚಿಕ್ಕಪ್ಪಾ, ಸಿನಿಮಾದಲ್ಲೂ ಗಂಡ ಹೀಗೇ ಹೇಳಿದ್ದು!

ಅಂತೂ ಒಬ್ಬ ಕತೆ ಓದಿದ್ದ. ಚಿಕ್ಕಮ್ಮ ಗುಂಪಿನಿಂದ ಹೊರಹೋದರು ಅಂತ ಬಂತು.

ದೊಡ್ಡಪ್ಪ: ಯಾವ ಡಬ್ಬಿ? ಅಮ್ಮನ ಹಿತ್ತಾಳೆ ಡಬ್ಬಿಯಾ?