ಪದಚರ್ಚೆ: ಷೂ ಜಾಹೀರಾತು ‘ಸ್ಫೂರ್ತಿ’ ಕೊಡುತ್ತದೆಯೋ, ‘ಹುರಿ’ ತುಂಬುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಮೈಸೂರಿನ ಆಟದ ಸಾಮಾನಿನ ಅಂಗಡಿಯವರೊಬ್ಬರು ದಸರಾಕ್ಕೆ ಕಟ್ಟಿಸುವ ಫ್ಲೆಕ್ಸಿಗೆ ಕನ್ನಡದ ಸಾಲು ಬರೆದುಕೊಡಿ ಎಂದು ಕೇಳಿದ್ದಾರೆ. ಅವರು ಕೊಟ್ಟದ್ದು ಇಂಗ್ಲಿಷಿನ ನಾಲ್ಕೇ ಪದ: ‘ಗೆಟ್ ಇನ್‌ಸ್ಪೈರ್ಡ್, ಸ್ಟೇ ಮೋಟಿವೇಟೆಡ್’. ಕೆಳಗೆ ಓಡುವ ಹುಡುಗಿಯ ಚಿತ್ರ, ಅದರ ಕೆಳಗೆ ಷೂ ಮತ್ತು ಟ್ರ್ಯಾಕ್ ಪ್ಯಾಂಟಿನ ಮೇಲೆ ಎಷ್ಟು ರಿಯಾಯಿತಿ ಎಂಬ ವಿವರ. ನಾನು ಮೊದಲು ಬರೆದದ್ದು ‘ಸ್ಫೂರ್ತಿ ಪಡೆಯಿರಿ, ಪ್ರೇರಿತರಾಗಿರಿ’. ಓದಿಕೊಂಡರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಇದನ್ನು ನೋಡಿ ಒಬ್ಬರಾದರೂ ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬಂದಾರು ಎಂದು ನನಗೇ ಅನ್ನಿಸಲಿಲ್ಲ. ಡಿಟಿಪಿ ಮಾಡುವ ಹುಡುಗ ಮಹಾಪ್ರಾಣ ಕಳಚಿ ‘ಸ್ಪೂರ್ತಿ’ ಎಂದು ಕುಟ್ಟಿದ್ದ, ಅದು ಬೇರೆ.

ಕೂತು ಯೋಚಿಸಿದ ಮೇಲೆ ತೊಡಕು ಪದದ ವ್ಯಾಕರಣದಲ್ಲೇ ಇದೆ ಅನ್ನಿಸಿತು. ‘ಸ್ಫುರ್’ ಧಾತುವಿನ ಅರ್ಥ ಅದುರು, ಮಿಡಿ, ಮಿಂಚು. ಬಲಗಣ್ಣು ಅದುರುವುದೂ ಸ್ಫುರಣವೇ. ಅದು ತಾನಾಗಿ ಆಗುವಂಥದ್ದು. ಅದಕ್ಕೇ ಕನ್ನಡದಲ್ಲಿ ‘ನನಗೆ ಸ್ಫುರಿಸಿತು’ ಅನ್ನುತ್ತೇವೆ, ‘ನನಗೆ ಹಸಿವಾಯಿತು’, ‘ನನಗೆ ನಿದ್ದೆ ಬಂತು’ ಅಂದ ಹಾಗೆ. ‘ನಾನು ಸ್ಫುರಿಸಿದೆ’ ಎಂದು ಯಾರೂ ಹೇಳುವುದಿಲ್ಲ. ‘ಸ್ಫೂರ್ತಿ ನೀಡಿದರು’ ಎಂಬ ಬಳಕೆ ಇದೆ, ತಪ್ಪೂ ಅಲ್ಲ. ಆದರೆ ಗಮನಿಸಿ, ಹಾಗೆ ನೀಡಿದವರಿಗೆ ತಾವು ನೀಡಿದ್ದು ಬಹುಪಾಲು ಗೊತ್ತೇ ಇರುವುದಿಲ್ಲ. ‘ನನ್ನ ಸಂಗೀತಕ್ಕೆ ಅಜ್ಜಿಯೇ ಸ್ಫೂರ್ತಿ’ ಅನ್ನುತ್ತೇವೆ. ಅಜ್ಜಿ ಪಾಪ ಅಡುಗೆಮನೆಯಲ್ಲಿ ತನ್ನ ಪಾಡಿಗೆ ದೇವರನಾಮ ಹೇಳಿಕೊಳ್ಳುತ್ತಿದ್ದಳಷ್ಟೇ. ಯಾರಾದರೂ ಎದುರು ನಿಂತು ‘ಬಾ, ನಿನಗೆ ಸ್ಫೂರ್ತಿ ಕೊಡುತ್ತೇನೆ’ ಅಂದರೆ ನಗು ಬರುತ್ತದೆ. ಷೂ ಕಂಪನಿ ಮಾಡುತ್ತಿರುವುದು ಅದನ್ನೇ.

ಇನ್ನೊಂದು ಅಡ್ಡಿಯೂ ಇದೆ. ಆಟದ ವಿಷಯಕ್ಕೆ ಬಂದರೆ ‘ಕ್ರೀಡಾಸ್ಫೂರ್ತಿ’ ಎಂಬ ಪದವನ್ನು ಪತ್ರಿಕೆಗಳು ಆಗಲೇ ಬೇರೆ ಕೆಲಸಕ್ಕೆ ಹಿಡಿದಿವೆ. ಸೋತವನು ಗೆದ್ದವನ ಕೈ ಕುಲುಕಿದರೆ ಅದು ಕ್ರೀಡಾಸ್ಫೂರ್ತಿ. ಸಿನಿಮಾದವರ ಬಾಯಲ್ಲಂತೂ ‘ಸ್ಫೂರ್ತಿ ಪಡೆದಿದ್ದೇವೆ’ ಅಂದರೆ ಕದ್ದಿದ್ದೇವೆ ಎಂದೇ ಅರ್ಥ.

‘ಪ್ರೇರಣೆ’ ಇದಕ್ಕಿಂತ ವಾಸಿ. ತಳ್ಳು, ಚಲಿಸುವಂತೆ ಮಾಡು ಎಂಬ ಮೂಲಾರ್ಥವಿರುವುದರಿಂದ ಇಂಗ್ಲಿಷಿನ ‘ಮೋಟಿವೇಟ್’ಗೆ ಹತ್ತಿರ, ಅದರ ಲ್ಯಾಟಿನ್ ಬೇರೂ ಚಲನೆಯದೇ. ಆದರೆ ಈ ಗುಂಪಿನ ಪದಗಳಿಗೆ ಪೊಲೀಸ್ ಠಾಣೆಯ ವಾಸನೆ ಹತ್ತಿಬಿಟ್ಟಿದೆ. ‘ದುಷ್ಪ್ರೇರಣೆ’ ಅಂದರೆ ಆತ್ಮಹತ್ಯೆ ಪ್ರಕರಣ ನೆನಪಾಗುತ್ತದೆ. ‘ಕುಮ್ಮಕ್ಕು’ ತುರ್ಕಿ, ಪಾರಸಿ ಕಡೆಯಿಂದ ಬಂದದ್ದು. ಅಲ್ಲಿ ಅದು ಸುಮ್ಮನೆ ‘ಸಹಾಯ’, ಇಲ್ಲಿ ಗಲಾಟೆಗೆ ಕೊಡುವಂಥದ್ದು. ಎಲ್ಲಕ್ಕಿಂತ ವಿಚಿತ್ರ ‘ಪ್ರಚೋದನೆ’ಯ ಗತಿ. ಗಾಯತ್ರಿಯ ‘ಪ್ರಚೋದಯಾತ್’ ಬುದ್ಧಿಯನ್ನು ಒಳ್ಳೆಯ ದಾರಿಗೆ ತಳ್ಳು ಎಂದು ಸೂರ್ಯನನ್ನು ಬೇಡುತ್ತದೆ. ಇವತ್ತು ‘ಪ್ರಚೋದನಕಾರಿ’ ಎಂಬುದರ ಮುಂದೆ ‘ಭಾಷಣ’ ಬಿಟ್ಟು ಬೇರೇನೂ ಕೂರುವುದಿಲ್ಲ. ಬೆಳಿಗ್ಗೆ ಸಂಧ್ಯಾವಂದನೆಯಲ್ಲಿ ಬೇಡಿದ್ದರ ಮೇಲೆಯೇ ಸಂಜೆ ಎಫ್‌ಐಆರ್!

‘ಇನ್‌ಸ್ಪೈರ್’ನ ಲ್ಯಾಟಿನ್ ಬೇರು ಉಸಿರಿನದು, ಒಳಕ್ಕೆ ಊದುವುದು. ನಮ್ಮಲ್ಲೂ ಊದುತ್ತೇವೆ, ಆದರೆ ನಮ್ಮ ಭಾಷೆಗೆ ಊದುವವರ ಮೇಲೆ ಗುಮಾನಿ. ‘ಅವನನ್ನು ಉಬ್ಬಿಸಿದರು’, ‘ಉಬ್ಬಿಸಿ ಅಟ್ಟಕ್ಕೇರಿಸಿದರು’, ಹೊಗಳಿ ಹೊನ್ನಶೂಲಕ್ಕೇರಿಸಿದರು. ಊದಿದ್ದು ಒಡೆಯುತ್ತದೆ ಎಂಬ ಅರಿವು ಈ ಮಾತುಗಳಲ್ಲೆಲ್ಲ ಇದೆ. ಜಾಹೀರಾತಿಗೆ ತೀರಾ ಸರಿಹೊಂದುವ ಕ್ರಿಯಾಪದ ಇದೇ ಏನೋ! ಆದರೆ ಅಂಗಡಿಯವರು ದುಡ್ಡು ಕೊಡಲಾರರು.

ಕೊನೆಗೆ ನಾನು ಬಂದು ನಿಂತದ್ದು ‘ಹುರಿ’ಯ ಹತ್ತಿರ.

ಹುರಿದುಂಬಿಸು ಎಂದರೆ ಹುರಿ ಮತ್ತು ತುಂಬಿಸು. ಸಂಧಿಯಲ್ಲಿ ತಕಾರ ದಕಾರವಾಗಿದೆ. ಹಳಗನ್ನಡದ ‘ಪುರಿ’, ದಾರದ, ಹಗ್ಗದ ತಿರುಚು. ಹುರಿಗಡಲೆಯ, ಕಡ್ಲೆಪುರಿಯ ‘ಹುರಿ’ ಬೇರೆ, ಅದು ಬಾಣಲೆಯದು. ತಮಿಳಿನಲ್ಲಿ ಎರಡೂ ಬೇರೆ ಬೇರೆ ಉಳಿದಿವೆ, ‘ಪುರಿ’ ಮತ್ತು ‘ಪೊರಿ’ ಎಂದು. ಕನ್ನಡದಲ್ಲಿ ಒಂದೇ ಆಗಿಹೋದವು. (ಕಡ್ಲೆಪುರಿ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡದೆ ಮೈಸೂರಿನ ಸಂಜೆಗಳಲ್ಲಿ ಹಾಗೇ ಉಳಿದಿದೆ.)

ನಮ್ಮ ತಾತ ಮಂಡ್ಯದ ಕಡೆಯವರು. ಜಗುಲಿಯಲ್ಲಿ ಕೂತು ಕತ್ತಾಳೆ ನಾರಿನಲ್ಲಿ ಎತ್ತಿನ ಕಣ್ಣಿ ಹೊಸೆಯುತ್ತಿದ್ದರು. ಪಂಚೆ ಮೇಲೆತ್ತಿ ಬರಿ ತೊಡೆಯ ಮೇಲೆ ಎರಡು ಎಳೆ ಇಟ್ಟುಕೊಂಡು ಅಂಗೈಯಿಂದ ಮುಂದಕ್ಕೆ ಉಜ್ಜುವರು, ಎಳೆಗಳಿಗೆ ಹುರಿ ಬರುವುದು. ಅವೆರಡನ್ನೂ ಸೇರಿಸಿ ಹಿಂದಕ್ಕೆ ಎಳೆದರೆ ಉಲ್ಟಾ ಸುತ್ತಿಕೊಂಡು ಬಿಗಿಯುವವು. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ನೋಡುತ್ತದೆ, ಇನ್ನೊಂದು ಬಿಡುವುದಿಲ್ಲ, ಹಗ್ಗ ನಿಲ್ಲುವುದು ಆ ಜಗ್ಗಾಟದಲ್ಲಿ. ನಾನು ಹೊಸೆಯಲು ಹೋದರೆ ಎರಡು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ‘ಹುರಿ ಸಾಲ್ದು ಕಲಾ’ ಅನ್ನುವರು. ಅವರ ತೊಡೆಯ ಮೇಲೆ ಆ ಜಾಗದಲ್ಲಿ ಕೂದಲೇ ಇರಲಿಲ್ಲ.

ಇದರಿಂದಲೇ ‘ಹುರಿಗಟ್ಟಿದ ಮೈ’ ಬಂದಿದೆ. ಗರಡಿಯಲ್ಲಿ ಸಾಮು ಮಾಡಿ ನರ ನರ ಎದ್ದ ತೋಳಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಪತ್ರಿಕೆಗಳ ‘ಹುರಿಯಾಳು’ ಕೂಡ ಇದೇ ಕುಲ, ಈಗ ಪಾಪ ಚುನಾವಣೆಗೆ ನಿಂತವರಿಗೆಲ್ಲ ಆ ಹೆಸರು, ಮೈ ಹೇಗೇ ಇರಲಿ. ಮೈಗೂ ಮನಸ್ಸಿಗೂ ಒಂದೇ ಪದ ಇಟ್ಟುಕೊಂಡಿರುವ ಭಾಷೆ ನಮ್ಮದು. ಜಪಾನಿನ ಆಸಿಕ್ಸ್ ಕಂಪನಿ 1977ರಲ್ಲಿ ತನ್ನ ಹೆಸರನ್ನು ಐದು ಲ್ಯಾಟಿನ್ ಪದಗಳ ಮೊದಲಕ್ಷರಗಳಿಂದ ಕಟ್ಟಿಕೊಂಡಿತು, ಗಟ್ಟಿ ಮೈಯಲ್ಲಿ ಗಟ್ಟಿ ಜೀವ ಎಂಬರ್ಥದ ಮಾತು. ನಮ್ಮಲ್ಲಿ ಎರಡಕ್ಷರಕ್ಕೆ ಮುಗಿಯಿತು.

ಇಲ್ಲಿಗೆ ‘ಇನ್‌ಸ್ಪೈರ್ಡ್’ ಬಗೆಹರಿಯಿತು ಅಂದುಕೊಂಡೆ. ಆದರೆ ಅಂಗಡಿಯವರು ಅಷ್ಟಕ್ಕೆ ಬಿಡಲಿಲ್ಲ. ‘ನೈಕಿಯವರ ಥರಾ ಒಂದು ಏಟಿಗೆ ಹೊಡೀಬೇಕು ಸಾರ್’ ಅಂದರು. ಹಾಗಾಗಿ ‘ಜಸ್ಟ್ ಡೂ ಇಟ್’ ಹಿಂದೆ ಬಿದ್ದೆ. 1988ರಲ್ಲಿ ಡ್ಯಾನ್ ವೀಡನ್ ಎಂಬ ಜಾಹೀರಾತುಗಾರ ಬರೆದ ಸಾಲು. ಅದು ಅವನಿಗೆ ಹೊಳೆದದ್ದು 1977ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಗುಂಡಿಗೆ ಎದೆಯೊಡ್ಡಿ ನಿಂತ ಮರಣದಂಡನೆಯ ಕೈದಿಯೊಬ್ಬ ಕೊನೆಗೆ ಆಡಿದ ಮಾತಿನಿಂದ. ಅವನು ‘ಲೆಟ್ಸ್ ಡೂ ಇಟ್’ ಅಂದನಂತೆ, ಶುರುಮಾಡಿ ಎಂಬಂತೆ. ‘ಸ್ಫೂರ್ತಿ ಕೊಟ್ಟವರಿಗೆ ಗೊತ್ತಿರುವುದಿಲ್ಲ’ ಅಂದೆನಲ್ಲ, ಇದಕ್ಕಿಂತ ಪುರಾವೆ ಬೇಕೆ?

ಆ ಸಾಲಿನ ಮೊದಲ ಟಿವಿ ಜಾಹೀರಾತಿನಲ್ಲಿ ಇದ್ದದ್ದು ಚಾಂಪಿಯನ್ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ವಾಲ್ಟ್ ಸ್ಟ್ಯಾಕ್ ಎಂಬ 80 ವರ್ಷದ ಮುದುಕ, ಮೈಮೇಲೆ ಅಂಗಿಯಿಲ್ಲದೆ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಓಡುತ್ತಾನೆ. ದಿನಾ ಬೆಳಿಗ್ಗೆ 17 ಮೈಲಿ ಓಡುತ್ತೇನೆ ಅನ್ನುತ್ತಾನೆ. ನಮ್ಮ ಲೆಕ್ಕದಲ್ಲಿ ಮೈಸೂರಿನಿಂದ ಶ್ರೀರಂಗಪಟ್ಟಣ ದಾಟಿ ಇನ್ನೂ ದೂರ. ಚಳಿಗೆ ಹಲ್ಲು ಕಟಕಟ ಅನ್ನುವುದಿಲ್ಲವೇ ಎಂದು ಜನ ಕೇಳುತ್ತಾರಂತೆ. ‘ಹಲ್ಲು ಲಾಕರಿನಲ್ಲಿ ಬಿಟ್ಟುಬರುತ್ತೇನೆ’ ಅನ್ನುತ್ತಾನೆ ತಾತ. ಬೋಧನೆಯ ಒಂದು ಮಾತೂ ಅದರಲ್ಲಿಲ್ಲ. ನೋಡಿದವರು ನಕ್ಕು, ಆಮೇಲೆ ತಮ್ಮ ಹೊಟ್ಟೆ ನೋಡಿಕೊಳ್ಳುತ್ತಾರೆ.

ಈಗ ಕನ್ನಡಕ್ಕೆ ತನ್ನಿ. ‘ಜಸ್ಟ್’ಗೆ ಎಲ್ಲರಿಗೂ ಮೊದಲು ನೆನಪಾಗುವುದು ‘ಸುಮ್ಮನೆ’. ‘ಸುಮ್ನೆ ಮಾಡು’ ಅಂದರೆ ಮೈಸೂರಿನಲ್ಲಿ ‘ಬಾಯಿ ಮುಚ್ಚಿಕೊಂಡು ಮಾಡು’. ಅದೇ ಪದ ‘ಬಿಟ್ಟಿ’ಯೂ ಹೌದು, ‘ತಮಾಷೆಗೆ’ಯೂ ಹೌದು. ಷೂ ಮಾರುವವರಿಗೆ ಇವು ಮೂರೂ ಬೇಡದ ಅರ್ಥಗಳು. ನನ್ನ ಪ್ರಕಾರ ಆ ‘ಜಸ್ಟ್’ನ ಕೆಲಸ ಕನ್ನಡದಲ್ಲಿ ನಡೆಯುವುದು ಕ್ರಿಯಾಪದದ ಬಾಲದಲ್ಲಿ, ‘ಬಿಡು’ವಿನಲ್ಲಿ. ‘ಮಾಡು’ ಅಂದರೆ ಅಪ್ಪಣೆ. ‘ಮಾಡಿ ನೋಡು’ ಅಂದರೆ ಸೋತರೂ ಪರವಾಗಿಲ್ಲ. ‘ಮಾಡಿಹಾಕು’ ಅಂದರೆ ಒಂದು ಪೀಡೆ ಕಳೆಯಲಿ. ‘ಮಾಡಿಬಿಡು’ ಅಂದಾಗ ಮಾತ್ರ ಹಿಂಜರಿಕೆಯ ಕೊಂಡಿ ಕಳಚುತ್ತದೆ. ಕೆಲಸವೂ ಮುಗಿಯುತ್ತದೆ, ಅದನ್ನು ಹಿಡಿದುಕೊಂಡು ಕೊರಗುವುದೂ ಮುಗಿಯುತ್ತದೆ. ನಡುವೆ ಒಂದು ‘ಏ’ ಸೇರಿದರೆ ‘ಮಾಡೇಬಿಡು’, ಮಂಡ್ಯಕ್ಕೆ ಬಂದರೆ ‘ಮಾಡೇಬುಡು’.

1942ರ ‘ಮಾಡು ಇಲ್ಲವೇ ಮಡಿ’ಯೂ ಇಲ್ಲಿ ನೆನಪಾಯಿತು. ಗಾಂಧಿಯವರ ಇಂಗ್ಲಿಷ್ ಘೋಷಣೆ ಕನ್ನಡಕ್ಕೆ ಬಂದು ಪ್ರಾಸದ ಬಲದಿಂದ ಇಲ್ಲಿಯದೇ ಆಗಿಹೋಯಿತು. ಅಂಥ ಅದೃಷ್ಟ ಎಲ್ಲ ಸಾಲಿಗೂ ಇರುವುದಿಲ್ಲ. ಅಡಿಡಾಸ್‌ನವರು 2004ರಲ್ಲಿ ಮುಹಮ್ಮದ್ ಅಲಿಯನ್ನು ಮುಂದಿಟ್ಟುಕೊಂಡು ಮೆರೆಸಿದ ‘ಇಂಪಾಸಿಬಲ್ ಈಸ್ ನಥಿಂಗ್’ ತೆಗೆದುಕೊಳ್ಳಿ. ಇಂಗ್ಲಿಷ್ ಒಂದೇ ‘ಈಸ್’ನಲ್ಲಿ ಜಾರಿಕೊಳ್ಳುತ್ತದೆ. ಕನ್ನಡ ಹಿಡಿದು ನಿಲ್ಲಿಸಿ ಕೇಳುತ್ತದೆ, ‘ಇಲ್ಲ’ವೋ ‘ಅಲ್ಲ’ವೋ? ‘ಅಸಾಧ್ಯ ಅನ್ನೋದು ಇಲ್ಲ’ ಅಂದರೆ ಅಂಥದ್ದೊಂದು ಜಗತ್ತಿನಲ್ಲೇ ಇಲ್ಲ. ಇದು ಸುಳ್ಳು, ಮಂಡಿ ನೋವಿರುವ ಯಾರನ್ನಾದರೂ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಕೇಳಿ. ‘ಅಸಾಧ್ಯ ಅನ್ನೋದು ಏನೂ ಅಲ್ಲ’ ಅಂದರೆ, ಇದೆ, ಆದರೆ ಲೆಕ್ಕಕ್ಕಿಲ್ಲ. ಅಲಿಯ ಬಾಯಿಗೆ ಒಪ್ಪುವುದು ಎರಡನೆಯದೇ ಎಂದು ನನ್ನ ವಾದ.

ಇನ್ನು ನೀನು, ನೀವು. ನಮ್ಮ ಜಾಹೀರಾತುಗಳು ಸಾಮಾನ್ಯವಾಗಿ ಬಹುವಚನದಲ್ಲೇ ಮಾತಾಡುತ್ತವೆ, ‘ಕೊಳ್ಳಿರಿ’, ‘ಭೇಟಿ ನೀಡಿ’. ಗಿರಾಕಿಗೆ ಮರ್ಯಾದೆ ಬೇಕಲ್ಲ. ಆದರೆ ಹುರಿದುಂಬಿಸುವವರು ಯಾರೂ ಬಹುವಚನ ಬಳಸುವುದಿಲ್ಲ. ಗರಡಿಯ ಉಸ್ತಾದ್ ‘ಏಳೋ’ ಅನ್ನುತ್ತಾರೆ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿ ನೋಡಲು ಬಂದವರು ಪೈಲ್ವಾನರಿಗೆ ‘ದಯವಿಟ್ಟು ಚಿತ್ ಮಾಡಿ’ ಎಂದು ಕೂಗುವುದಿಲ್ಲ. ‘ಮಾಡು’ ಎಂಬುದಕ್ಕೆ ಲಿಂಗವಿಲ್ಲ, ಆದರೆ ಬಾಲ ಹಚ್ಚಿದೊಡನೆ ಬಂತು: ‘ನುಗ್ಲಾ’ ಗಂಡಿಗೆ, ‘ನುಗ್ಗಮ್ಮಿ’ ಹೆಣ್ಣಿಗೆ. ಫ್ಲೆಕ್ಸಿನಲ್ಲಿರುವುದು ಹುಡುಗಿ. ನೈಕಿಯವರು 2016ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳಿಗೆಂದೇ ಮಾಡಿದ ‘ಡಾ ಡಾ ಡಿಂಗ್’ ಈ ತೊಂದರೆಯನ್ನು ಜಾಣತನದಿಂದ ದಾಟಿತ್ತು. ದೀಪಿಕಾ ಪಡುಕೋಣೆ, ಹಾಕಿಯ ರಾಣಿ ರಾಂಪಾಲ್, ಸ್ಕ್ವಾಷ್‌ನ ಜೋಷ್ನಾ ಚಿಣ್ಣಪ್ಪ ಎಲ್ಲ ಇದ್ದರು, ಆದರೆ ಹೆಸರಿಗೆ ಅರ್ಥವಿಲ್ಲದ ಬರಿಯ ಸದ್ದು. ಧಡಧಡ, ಸರಸರ, ದಬದಬ ಎಂದು ಅನುಕರಣಾವ್ಯಯಗಳ ರಾಶಿಯ ಮೇಲೇ ಕೂತಿರುವ ನಾವು ಯಾಕೆ ಆ ದಾರಿ ಹಿಡಿಯಬಾರದು?

ಒಂದು ಸಂಗತಿ ಹೇಳಿ ಪ್ರಶ್ನೆಗೆ ಬರುತ್ತೇನೆ. ಹೋದ ವರ್ಷ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ನಮ್ಮಣ್ಣನ ಮಗಳು 800 ಮೀಟರ್ ಓಡಿದಳು. ಕಾಲಲ್ಲಿ ಶಾಲೆಯ ಬಿಳಿ ಕ್ಯಾನ್ವಾಸ್ ಷೂ, ಒಂದರ ಲೇಸು ಬಿಚ್ಚಿತ್ತು. ಕೊನೆಯ ತಿರುವಿನಲ್ಲಿ ಅವಳ ಮುಖ ಕಪ್ಪಿಟ್ಟು, ಕೈ ಎಲ್ಲೆಲ್ಲೋ ಹೋಗುತ್ತಿತ್ತು. ಕಂಬಿಯ ಆಚೆ ನಿಂತಿದ್ದ ಹೆಂಗಸೊಬ್ಬರು, ನಮಗೆ ಗುರುತಿನವರೂ ಅಲ್ಲ, ‘ಓಡಮ್ಮಿ, ಇನ್ನೇನ್ ಬಂದೇಬುಡ್ತು, ಓಡಮ್ಮಿ’ ಎಂದು ಗಂಟಲು ಹರಿಯುವಂತೆ ಕೂಗಿದರು. ಬಂದೇನೂ ಬಿಟ್ಟಿರಲಿಲ್ಲ, ಇನ್ನೂ ನೂರು ಮೀಟರ್ ಇತ್ತು. ಐದನೆಯವಳಾಗಿ ಬಂದಳು. ಆಮೇಲೆ ಕೇಳಿದೆ. ‘ನೀವೆಲ್ಲ ಕೂಗಿದ್ದು ಕೇಳಿಸ್ಲಿಲ್ಲ ಚಿಕ್ಕಪ್ಪ, ಬಂದೇಬುಡ್ತು ಅಂದಿದ್ದು ಮಾತ್ರ ಕೇಳಿಸ್ತು’ ಅಂದಳು. ಇಲ್ಲೂ ಅದೇ ‘ಬಿಡು’, ಆದರೆ ಆಜ್ಞೆಯಾಗಿ ಅಲ್ಲ, ಆಗಿಹೋದದ್ದರ ಸುದ್ದಿಯಾಗಿ.

ಈಗ ಬಲ್ಲವರು ಹೇಳಬೇಕು. ‘ಮೈಗೆ ಹುರಿ, ಮನಕ್ಕೆ ಹುರಿ’ ಎಂದು ಬರೆದರೆ ಇವತ್ತಿನ ಹುಡುಗರಿಗೆ ಹಗ್ಗ ಹೊಳೆಯುತ್ತದೆಯೋ ಕಡಲೆ ಹೊಳೆಯುತ್ತದೆಯೋ? ‘ಹೊರಟೇಬಿಡು’ ಎಂದು ಏಕವಚನದಲ್ಲಿ ಹಾಕಿದರೆ ದೇವರಾಜ ಅರಸು ರಸ್ತೆಯಲ್ಲಿ ಓಡಾಡುವ ಹಿರಿಯರು ಅಂಗಡಿಯವರ ಮೇಲೆ ಬೇಸರ ಮಾಡಿಕೊಂಡಾರೆ? ಮತ್ತೆ, ಓಟದಲ್ಲಿ, ಕಬಡ್ಡಿಯಲ್ಲಿ ನಿಮ್ಮ ಕಡೆ ಹೆಣ್ಣುಮಕ್ಕಳಿಗೆ ಏನೆಂದು ಕೂಗುತ್ತಾರೆ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಫ್ಲೆಕ್ಸ್ ಗುರುವಾರ ಮಧ್ಯಾಹ್ನ ಪ್ರಿಂಟಿಗೆ ಹೋಗುತ್ತದೆ. ಅಷ್ಟರಲ್ಲಿ ಏನೂ ಹೊಳೆಯದಿದ್ದರೆ ‘ಗೆಟ್ ಇನ್‌ಸ್ಪೈರ್ಡ್’ ಎಂದೇ ಕನ್ನಡ ಅಕ್ಷರದಲ್ಲಿ ಹಾಕಿಸುತ್ತೇನೆ ಎಂದು ಅಂಗಡಿಯವರು ಹೇಳಿಯಾಗಿದೆ.