ಟ್ರಾಟಿನಲ್ಲಿ ತಾಳ ತಪ್ಪುವ ಕುದುರೆ: ಎಂತ ಮಾಡುದು?

ಪಣಂಬೂರು_ಸವಾರ:
ಮೂರು ತಿಂಗಳಿಂದ ತಲೆ ಕೆಟ್ಟುಹೋಗಿದೆ. ಏಳು ವರ್ಷದ ಹೆಣ್ಣು ಕುದುರೆ. ನಡಿಗೆಯಲ್ಲಿ ನಾಲ್ಕು ಗೊರಸೂ ಸ್ಪಷ್ಟ ಕೇಳ್ತದೆ. ಟ್ರಾಟಿಗೆ (ನಡಿಗೆಗಿಂತ ವೇಗದ, ಎರಡು ತಾಳದ ಓಟ) ಹಾಕಿದರೆ ಹತ್ತು ಹೆಜ್ಜೆ ಟಕ್-ಟಕ್, ಆಮೇಲೆ ಟಕಟಕಟಕ. ಜೀನಿನಲ್ಲಿ ಎದ್ದು ಕೂರಲಿಕ್ಕೆ ತಾಳವೇ ಸಿಗುದಿಲ್ಲ. ಫೋನಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 150ಕ್ಕೆ ಇಟ್ಟೂ ನೋಡಿದೆ. ಯಾರಾದ್ರೂ ಹೇಳಿ.

ಮಲ್ಪೆ_ಗಾಳಿ:
ಜೀನು. ನೂರಕ್ಕೆ ನೂರು ಜೀನು. ಸವಾರಿ ಮುಗಿದ ಮೇಲೆ ಬೆನ್ನು ನೋಡಿ, ಬೆವರಿನ ನಡುವೆ ಒಣ ಕಲೆ ಉಂಟಾ? ಅಲ್ಲಿ ಒತ್ತುತ್ತಾ ಉಂಟು.

ಪಣಂಬೂರು_ಸವಾರ:
ಕಲೆ ಇಲ್ಲ. ಬೇರೆ ಜೀನು ಹಾಕಿಯೂ ನೋಡಿದೆ, ಅದೇ ಕತೆ.

ಮಲ್ಪೆ_ಗಾಳಿ:
ಹಾಗಾದ್ರೆ ಎರಡೂ ಸರಿ ಇಲ್ಲ. ನಾನು ಕಾನ್ಪುರದಿಂದ ತರಿಸಿದ್ದೇನೆ, ಒಳಗೆ ಉಣ್ಣೆ ತುಂಬಿಸಿದ್ದು, ಕೆಳಗೆ ಕುರಿ ತುಪ್ಪಳದ ಹಾಸು. ನಾಲ್ಕು ವರ್ಷ ಆಯ್ತು, ಒಂದು ಗಾಯ ಇಲ್ಲ.

ಲಾಳ_ಗೊರಸು:
ಜೀನಿನ ವಿಷಯ ಬಿಡಿ ಮಾರಾಯ್ರೇ. ಲಾಳ ಹೊಡೆಸಿ ಎಷ್ಟು ವಾರ ಆಯ್ತು? ಎಂಟು ದಾಟಿದರೆ ಗೊರಸಿನ ಮುಂಭಾಗ ಉದ್ದವಾಗಿ ಕಾಲು ಎಡವುತ್ತದೆ. ನಮ್ಮ ಮಳೆಗೆ ಗೊರಸಿನ ಅಡಿ ಕೊಳೆತು ವಾಸನೆಯೂ ಬರ್ತದೆ. ಟ್ರಾಟಿನಲ್ಲಿ ತಲೆ ಎತ್ತಿ ಹಾಕ್ತದಾ? ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳ್ತದೆ.

ಪಣಂಬೂರು_ಸವಾರ:
ಲಾಳ ಹೋದ ವಾರ. ಡಾಕ್ಟ್ರು ನೋಡಿದ್ದಾರೆ, ಕುಂಟು ಇಲ್ಲ.

ಮಲ್ಪೆ_ಗಾಳಿ:
ಕಡಲ ಹೊಯ್ಗೆಯಲ್ಲಿ ಓಡಿಸುವವರಿಗೆ ಲಾಳ ಯಾಕೆ?

ಲಾಳ_ಗೊರಸು:
ಬೀಚಿಗೆ ಹೋಗುವ ಡಾಂಬರು ರಸ್ತೆ ನಿಮ್ಮ ಕಣ್ಣಿಗೆ ಬೀಳುದಿಲ್ವಾ?

ಕಾಪು_ತೀರ:
ಇಬ್ಬರೂ ಸ್ವಲ್ಪ ನಿಲ್ಲಿ. ಸವಾರರೇ, ಅದರ ಎರಡು ಕಿವಿಯ ತುದಿ ಒಂದಕ್ಕೊಂದು ತಾಗ್ತದಾ?

ಪಣಂಬೂರು_ಸವಾರ:
ಹೌದು, ಮಾರ್ವಾಡಿ ತಳಿ ಅಲ್ವಾ. ಹೇಳ್ಲಿಲ್ವಾ ನಾನು?

ಕಾಪು_ತೀರ:
ಹೇಳ್ಲಿಲ್ಲ, ಅದೇ ಮುಖ್ಯ! ಅದು ತಾಳ ತಪ್ಪುದಲ್ಲ, ರೇವಾಲ್ ಹಾಕುದು. ಮರುಭೂಮಿಯ ದೂರದ ದಾರಿಗೆ ಸವಾರನಿಗೆ ಕುಲುಕಾಟ ಇಲ್ಲದ ನಡೆ, ಆ ತಳಿಯ ಹುಟ್ಟುಗುಣ. ಟ್ರಾಟಿನಲ್ಲಿ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಬೀಳಬೇಕು. ರೇವಾಲಿನಲ್ಲಿ ಒಂದೇ ಬದಿಯ ಕಾಲುಗಳು ಜೋಡಿಯಾಗ್ತವೆ. ಬದಿಯಿಂದ ನಿಧಾನ ಚಲನೆಯ ವಿಡಿಯೋ ತೆಗೆಯಿರಿ, ಕಣ್ಣಿಗೇ ಕಾಣ್ತದೆ.

ಮೆಟ್ರೊನೋಮ್ ಹಿಂದೆ ಓಡಬೇಡಿ. ವೇಗ ಹೆಚ್ಚಿ, ತಲೆ ಎತ್ತಿ ಬೆನ್ನು ಕುಸಿದರೆ ಅದು ರೇವಾಲಿಗೇ ಜಾರುದು. ಗಟ್ಟಿ ನೆಲದಲ್ಲಿ ನಾಲ್ಕು ಅಡಿಗೊಂದರಂತೆ ಅಡಿಕೆ ಮರದ ಕಂಬ ಅಡ್ಡ ಹಾಕಿ, ದಾಟಿಸಿ. ಆರೇ ಹೆಜ್ಜೆ ಸಾಕು, ತಾಳ ಒಡೆಯುವ ಮೊದಲೇ ನಡಿಗೆಗೆ ಇಳಿಸಿ, ಕುತ್ತಿಗೆ ತಟ್ಟಿ. ಲಗಾಮು ಜಗ್ಗಬೇಡಿ.

ಪಣಂಬೂರು_ಸವಾರ:
ಹತ್ತು ದಿನ ಆಯ್ತು. ವಿಡಿಯೋದಲ್ಲಿ ನೀವು ಹೇಳಿದ ಹಾಗೇ ಉಂಟು, ಒಂದೇ ಬದಿಯ ಕಾಲು. ತುಂಬಾ ಉಪಕಾರ. ನಿನ್ನೆ ಐದು ಕಂಬ ದಾಟಿ ಇಪ್ಪತ್ತು ಹೆಜ್ಜೆ ಟಕ್-ಟಕ್ ಬಂತು, ನನ್ನ ಕಣ್ಣು ಒದ್ದೆ ಆಯ್ತು. ಆದರೆ ಬಲಕ್ಕೆ ತಿರುಗುವಾಗ ಇನ್ನೂ ಒಡೀತದೆ. ಅಲ್ಲಿ ಕಂಬ ಹತ್ತಿರ ಹತ್ತಿರ ಇಡುದಾ?

ಮಲ್ಪೆ_ಗಾಳಿ:
ಬಲ ಬದಿಗೆ ಮಾತ್ರ ಅಂದ್ರೆ ಜೀನು ಒಂದು ಬದಿಗೆ ವಾಲ್ತದಾ ಅಂತ ಒಮ್ಮೆ ನೋಡಿ.