ಡಾಲ್ಫಿನ್‌ಎಕ್ಸ್‌ನಲ್ಲಿ 21 ಪಾಯಿಂಟ್ ಕೇಳಿದ್ರೆ 20ಕ್ಕೇ ಉತ್ತರ ಬರ್ತಿದೆ, ಒಳಗೋಡೆ ಸ್ಟ್ರೆಸ್ಸೂ ಕಮ್ಮಿ

ಎಂಟೆಕ್_ಎರಡನೇವರ್ಷ:
ಎಲ್ಲರಿಗೂ ನಮಸ್ಕಾರ. ದಪ್ಪ ಗೋಡೆ ಸಿಲಿಂಡರ್ ಪ್ರಾಬ್ಲಂ ಮಾಡ್ತಿದೀನಿ, ಒಳ ರೇಡಿಯಸ್ 100 ಮಿಮೀ, ಹೊರಗಿಂದು 200, ಒಳಗಡೆ ಪ್ರೆಶರ್ 30 ಮೆಗಾಪಾಸ್ಕಲ್, ಕಾಲು ಭಾಗ ಮಾತ್ರ ತಗೊಂಡು ಅದಕ್ಕೆ 10 ಮಿಮೀ ತ್ರಿಕೋನಗಳ ಮೆಶ್ ಹಾಕಿದೀನಿ (ಒಂದೊಂದು ತ್ರಿಕೋನ ಒಂದು ಸೆಲ್ ಅಥವಾ ಎಲಿಮೆಂಟ್), ಲೀನಿಯರ್ ಎಲಿಮೆಂಟು. ಇಂಥ ಲೆಕ್ಕ ಮಾಡೋ ಫೆನಿಕ್ಸ್ ಸಾಫ್ಟ್‌ವೇರಿನ ಹಳೇ ವರ್ಷನ್‌ನಲ್ಲಿ ಸೊಲ್ಯೂಶನ್ನಿಗೆ ಎಕ್ಸ್ ವೈ ಕೊಟ್ರೆ ಸಾಕು ನಂಬರ್ ಬರೋದು, ಅದರ ಹೊಸ ರೂಪ ಡಾಲ್ಫಿನ್‌ಎಕ್ಸ್‌ನಲ್ಲಿ ಈಗ ಬೌಂಡಿಂಗ್ ಬಾಕ್ಸ್ ಟ್ರೀ (ಸೆಲ್ ಬೇಗ ಹುಡುಕೋ ಪಟ್ಟಿ) ಕಟ್ಟಬೇಕು, ಪಾಯಿಂಟ್ ಯಾವ ಸೆಲ್ಲಲ್ಲಿದೆ ಅಂತ ಹುಡುಕಬೇಕು, ಆಮೇಲೆ ಆ ಸೆಲ್ಲಲ್ಲಿ ಬೆಲೆ ಓದೋ ಇವ್ಯಾಲ್ ಫಂಕ್ಷನ್ ಕರೀಬೇಕು. 2ಡಿ ಆದ್ರೂ ಮೂರನೇ ಕೋಆರ್ಡಿನೇಟ್ ಸೊನ್ನೆ ಕೊಡಬೇಕು ಅನ್ನೋದು ತಿಳ್ಕೊಳೋಕೇ ಅರ್ಧ ದಿನ ಹೋಯ್ತು.

45 ಡಿಗ್ರಿ ಗೆರೆ ಮೇಲೆ ಒಳಗಿಂದ ಹೊರಗೆ 21 ಪಾಯಿಂಟ್ ಕೊಟ್ಟೆ, 20 ಮಾತ್ರ ಬಂತು, ಕೊನೇದಕ್ಕೆ ಸೆಲ್ಲೇ ಸಿಗ್ತಿಲ್ಲ. ಇನ್ನೊಂದು, ಒಳಗೋಡೆಯಲ್ಲಿ ಹೂಪ್ ಸ್ಟ್ರೆಸ್ (ಸುತ್ತಳತೆ ದಿಕ್ಕಿನ ಸ್ಟ್ರೆಸ್) ದಪ್ಪ ಸಿಲಿಂಡರಿನ ಲಾಮೆ ಫಾರ್ಮುಲಾ ಪ್ರಕಾರ 50 ಮೆಗಾಪಾಸ್ಕಲ್ ಬರಬೇಕು, ನನಗೆ 46ರ ಹತ್ರ ಬರ್ತಿದೆ. ಇವ್ಯಾಲ್ ತಪ್ಪಾ, ನನ್ನ ಕೋಡ್ ತಪ್ಪಾ?

ಮೆಶ್‌ಮನೆ:
ಎರಡೂ ತಪ್ಪಲ್ಲ. ಹೊರಗಿನ ಕಮಾನನ್ನ ಎಷ್ಟು ತುಂಡು ಮಾಡಿದೀರಾ ನೋಡಿ, ಅದರ ಉದ್ದ ಸುಮಾರು 314 ಮಿಮೀ, 10 ಮಿಮೀ ಸೈಜಿಗೆ 31 ತುಂಡು ಬಿದ್ದಿದ್ರೆ 45 ಡಿಗ್ರಿ ಸರಿಯಾಗಿ ಒಂದು ತುಂಡಿನ ನಡುಮಧ್ಯಕ್ಕೆ ಬರುತ್ತೆ. ನಿಮ್ಮ ಪಾಯಿಂಟ್ ನಿಜವಾದ ವೃತ್ತದ ಮೇಲಿದೆ, ಮೆಶ್ ಅಂಚು ಮಾತ್ರ ನೇರ ಗೆರೆ, ನಡುವೆ 0.064 ಮಿಮೀ ಗ್ಯಾಪ್. ಅಷ್ಟೇ ಸಾಕು, ಪಾಯಿಂಟ್ ಮೆಶ್ ಹೊರಗೆ ಹೋಯ್ತು. ಒಳಗೋಡೆಯಲ್ಲಿ ಈ ತೊಂದ್ರೆ ಬರಲ್ಲ, ಯಾಕಂದ್ರೆ ಅಲ್ಲಿ ನೇರ ಗೆರೆ ತೂತಿನ ಕಡೆಗೆ ಚಾಚ್ಕೊಂಡಿರುತ್ತೆ, ವೃತ್ತದ ಮೇಲಿನ ಪಾಯಿಂಟ್ ಮೆಶ್ ಒಳಗೇ ಉಳಿಯುತ್ತೆ.

ಜಿಯೋಮೆಟ್ರಿಯಲ್ಲೇ 45 ಡಿಗ್ರಿಗೆ ಒಂದು ಪಾಯಿಂಟ್ ಇಟ್ಟು ಕಮಾನನ್ನ ಎರಡು ಮಾಡಿ, ಅಲ್ಲಿ ನೋಡ್ (ತ್ರಿಕೋನದ ಮೂಲೆ) ಖಾತ್ರಿ ಬೀಳುತ್ತೆ. ಅರ್ಜೆಂಟ್ ಇದ್ರೆ 199.9ರಲ್ಲಿ ಕೇಳಿ, ಫಾರ್ಮುಲಾ ಪ್ರಕಾರ ಹೂಪ್ ಸ್ಟ್ರೆಸ್ 20 ಇರೋದು 20.01 ಆಗುತ್ತೆ ಅಷ್ಟೇ. ಆದ್ರೆ ದಯವಿಟ್ಟು ಹತ್ತಿರದ ಯಾವುದೋ ಸೆಲ್ ನಂಬರ್ ಕೈಯಾರೆ ಕೊಟ್ಟು ಇವ್ಯಾಲ್ ಓಡಿಸ್ಬೇಡಿ, ಪಾಯಿಂಟ್ ಆ ಸೆಲ್ ಒಳಗಿದೆಯಾ ಅಂತ ಅದು ಚೆಕ್ ಮಾಡಲ್ಲ, ಎರರ್ ಇಲ್ಲದೆ ತಪ್ಪು ನಂಬರ್ ಕೊಟ್ಟುಬಿಡುತ್ತೆ.

ಗಾಸ್‌ಪಾಯಿಂಟ್:
ಸ್ಟ್ರೆಸ್ ಬಗ್ಗೆ ನಾನು ಹೇಳ್ತೀನಿ, ನನಗೆ ಇದೇ ಮುಖ್ಯ ಅನ್ಸೋದು. ಡಿಸ್‌ಪ್ಲೇಸ್‌ಮೆಂಟ್ (ಪಾಯಿಂಟ್ ಎಷ್ಟು ಸರಿದಿದೆ ಅನ್ನೋದು) ಕಂಟಿನ್ಯುಯಸ್, ನೋಡ್ ಹಂಚ್ಕೊಂಡಿರೋ ಯಾವ ತ್ರಿಕೋನದಿಂದ ಓದಿದ್ರೂ ಒಂದೇ ಉತ್ತರ. ಸ್ಟ್ರೆಸ್ ಹಂಗಲ್ಲ. ಲೀನಿಯರ್ ತ್ರಿಕೋನದಲ್ಲಿ ಸ್ಟ್ರೆಸ್ ಇಡೀ ಎಲಿಮೆಂಟಿಗೆ ಒಂದೇ ಬೆಲೆ, ಅದು ಹೆಚ್ಚುಕಮ್ಮಿ ಸೆಂಟ್ರಾಯ್ಡ್‌ನ (ತ್ರಿಕೋನದ ನಡುಬಿಂದುವಿನ) ಸ್ಟ್ರೆಸ್ಸು. ನಿಮ್ಮ ಪಾಯಿಂಟ್ ಒಳಗೋಡೆಯ ನೋಡ್ ಮೇಲಿದ್ರೆ ಮೂರ್ನಾಲ್ಕು ತ್ರಿಕೋನ ಅದನ್ನ ಮುಟ್ಟುತ್ವೆ, ಲಿಸ್ಟಲ್ಲಿ ಮೊದಲು ಬಂದಿದ್ದನ್ನ ನೀವು ತಗೋತೀರಾ. ಒಂದು ಬದಿ ಗೋಡೆಗೆ ಅಂಟಿರೋ ತ್ರಿಕೋನ ಆದ್ರೆ ಸೆಂಟ್ರಾಯ್ಡ್ 103 ಮಿಮೀ ಹತ್ರ, ಲಾಮೆ ಅಲ್ಲಿ 47.7 ಕೊಡುತ್ತೆ, ಮೂಲೆ ಮಾತ್ರ ಮುಟ್ಟಿರೋದಾದ್ರೆ 107 ಹತ್ರ, ಸುಮಾರು 45. ನಿಮ್ಮ 46 ಅದರ ಮಧ್ಯೆನೇ ಇದೆ!

ಡಿಸ್‌ಪ್ಲೇಸ್‌ಮೆಂಟಿಗೆ ಎರಡನೇ ಆರ್ಡರ್ ಎಲಿಮೆಂಟ್ ಹಾಕಿ, ಆಗ ಸ್ಟ್ರೆಸ್ ಎಲಿಮೆಂಟಿನ ಒಳಗೂ ಬದಲಾಗುತ್ತೆ, ಸ್ಟ್ರೆಸ್ಸನ್ನ ಡಿಸ್‌ಕಂಟಿನ್ಯುಯಸ್ ಲೀನಿಯರ್ ಸ್ಪೇಸಿಗೆ (ಪ್ರತಿ ಸೆಲ್ಲಿಗೂ ತನ್ನದೇ ಮೂಲೆ ಬೆಲೆಗಳು) ಇಂಟರ್ಪೋಲೇಟ್ ಮಾಡಿ, ಆ ನೋಡ್ ಮುಟ್ಟೋ ಎಲ್ಲಾ ಸೆಲ್‌ನಲ್ಲೂ ಓದಿ. ಅವುಗಳ ನಡುವಿನ ವ್ಯತ್ಯಾಸವನ್ನೂ ರಿಪೋರ್ಟಲ್ಲಿ ಬರೀರಿ, ಮೆಶ್ ಎಷ್ಟು ಚೆನ್ನಾಗಿದೆ ಅಂತ ಹೇಳೋದೇ ಅದು, ಬರೀ ಸರಾಸರಿ ಹಾಕಿದ್ರೆ ಅದು ಮುಚ್ಚಿಹೋಗುತ್ತೆ.

ಎಂಟೆಕ್_ಎರಡನೇವರ್ಷ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ! ಎಣಿಸಿದೆ, 31 ತುಂಡೇ ಇತ್ತು. ಕಮಾನು ಎರಡು ಮಾಡಿದ್ಮೇಲೆ 21ಕ್ಕೆ 21 ಬಂತು, ಎರಡನೇ ಆರ್ಡರ್ ಹಾಕಿದ್ಮೇಲೆ ಸ್ಟ್ರೆಸ್ಸೂ 50ರ ಹತ್ರ ಬಂತು. ಆದ್ರೆ ಎಂಪಿಐಯಲ್ಲಿ (ಕೆಲಸ ಹಂಚಿ ಒಟ್ಟಿಗೆ ಓಡಿಸೋ ವಿಧಾನ) 4 ಪ್ರೊಸೆಸ್ ಓಡಿಸಿದ್ರೆ ಒಂದೊಂದರಲ್ಲಿ ಒಂದೊಂದಷ್ಟು ಪಾಯಿಂಟ್, ಎಲ್ಲಾ ಕೂಡಿದ್ರೆ 23 ಆಗ್ತಿದೆ?

ಮೆಶ್‌ಮನೆ:
ಪ್ರತಿ ಪ್ರೊಸೆಸ್ಸಿಗೂ ತನ್ನ ಪಾಲಿನ ಮೆಶ್ ಮಾತ್ರ ಗೊತ್ತು, ಜೊತೆಗೆ ಗಡಿಯಲ್ಲಿ ಪಕ್ಕದವರ ಸೆಲ್ಲಿನ ನಕಲು, ಅಂದ್ರೆ ಘೋಸ್ಟ್ ಸೆಲ್, ಇದ್ರೆ ಅದೂ. ಗಡಿ ಮೇಲಿನ ಪಾಯಿಂಟ್ ಇಬ್ಬರಿಗೂ ಸಿಕ್ಕಿದೆ, ಅದೇ ಆ ಎರಡು ಎಕ್ಸ್ಟ್ರಾ. ಬೆಲೆ ಜೊತೆ ಪಾಯಿಂಟಿನ ಮೂಲ ಕ್ರಮಸಂಖ್ಯೆನೂ ಕಳಿಸಿ, ಸೊನ್ನೆ ನಂಬರ್ ಪ್ರೊಸೆಸ್‌ನಲ್ಲಿ ಗ್ಯಾದರ್ ಮಾಡಿ, ಒಂದು ಸಂಖ್ಯೆಗೆ ಒಂದೇ ಬೆಲೆ ಇಟ್ಕೊಳಿ. ಯಾವುದಾದ್ರೂ ಒಂದು ಸಂಖ್ಯೆಗೆ ಬೆಲೆ ಬರದೇ ಇದ್ರೆ ಅಲ್ಲೇ ಪ್ರೋಗ್ರಾಂ ನಿಲ್ಸಿ, ಸೊನ್ನೆ ತುಂಬಿಸಿ ಮುಂದೆ ಹೋಗ್ಬೇಡಿ.